ರಾಣಿಗೊಂಬೆಯ ಸೀರೆ

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಪತ್ತೇದಾರಿ ಕಥೆ ಎಂದು ಓದಲು ಕುಳಿತವರಿಗೆ ಒಂದು ಹೆಣವಾದರೂ ಬೇಕು. ಇಲ್ಲಿ ಹೆಣವಿಲ್ಲ, ಪಿಸ್ತೂಲಿಲ್ಲ. ಕಳುವಾದದ್ದು ಒಂದು ಗೊಂಬೆಯ ಸೀರೆ. ಇದನ್ನು ಹೇಳಲು ಇನ್ನೂ ಪಳಗಿದ ಕೈ ಬೇಕಿತ್ತು. ಅಂಥವರು ಯಾರೂ ಮುಂದೆ ಬಾರದ್ದರಿಂದ ಈ ಸಾಹಸ. ಆ ಸೀರೆಗಾಗಿ ಒಬ್ಬ ಹುಡುಗಿಯ ನೌಕರಿಯೇ ಹೋಗುವುದರಲ್ಲಿತ್ತು ಎಂಬುದನ್ನಷ್ಟೇ ನೆನಪಿಟ್ಟುಕೊಂಡು ಓದಬೇಕೆಂದು ವಿನಂತಿ.

ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದ ವರ್ಷ. ನವೆಂಬರಿನ ಮೊದಲ ಭಾನುವಾರ. ಎರ್ನಾಕುಲಂನ ಒಂದು ವಾಚನಾಲಯದ ಹಾಲಿನಲ್ಲಿ ಕನ್ನಡಿಗರು ಸೇರಿದ್ದರು. ಸಂಜೆ ನಾಲ್ಕಕ್ಕೆ ಸಮಾರಂಭ. ಸಂಘದ ಸಭೆಗಳಿಗೆ ಎಷ್ಟೋ ವರ್ಷಗಳಿಂದ ಬಾಡಿಗೆಯಿಲ್ಲದೆ ಜಾಗ ಕೊಟ್ಟ ವಾಚನಾಲಯಕ್ಕೆ ಕೈಯಾರೆ ಮಾಡಿದ ಒಂದು ಉಡುಗೊರೆ ಕೊಡಬೇಕೆಂದು ತೀರ್ಮಾನವಾಗಿತ್ತು. ಹಳೆಯ ಕಾಲದ ಉಡುಪು ತೊಟ್ಟ ಆರು ಬಟ್ಟೆಯ ಗೊಂಬೆಗಳು. ಹೊಲಿದದ್ದು ತಿರುವನಂತಪುರದ ಮಹಿಳಾ ಮಂಡಳಿ. ಹಾಗೆಂದು ಹೇಳಿಕೊಳ್ಳುತ್ತಿದ್ದರು. ನಿಜವಾಗಿ ಹೊಲಿದದ್ದು ವಸಂತಿ ಎಂಬ ಒಬ್ಬಳೇ ಹುಡುಗಿ. ಉಳಿದವರು ಸಲಹೆ ಕೊಟ್ಟಿದ್ದರು.

ಬೆಳಿಗ್ಗೆಯೇ ವೇದಿಕೆಯ ಮೇಲೆ ಹಸಿರು ಟ್ರಂಕು ಬಂದಿತ್ತು. ಎರ್ನಾಕುಲಂ ಸಂಘದ ಅನಸೂಯಾಬಾಯಿ ಹಗ್ಗ ಬಿಚ್ಚಿ, ಪೇಪರಿನಲ್ಲಿ ಸುತ್ತಿದ ಗೊಂಬೆಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸಿದರು. ಕದಂಬರ ಸೈನಿಕ. ಹೊಯ್ಸಳ ನರ್ತಕಿ. ವಿಜಯನಗರದ ಕುದುರೆ ವ್ಯಾಪಾರಿ. ಮೈಸೂರು ಪೇಟ ತೊಟ್ಟ ದಿವಾನ. ಉಳ್ಳಾಲದ ರಾಣಿ. ಕೊನೆಗೆ ಕಿತ್ತೂರು ರಾಣಿ.

ಕಿತ್ತೂರು ರಾಣಿಯನ್ನು ಬಿಚ್ಚಿದವರೇ ಅವರು ಒಂದು ಗಳಿಗೆ ಹಾಗೇ ನಿಂತರು. ಆಮೇಲೆ ಗೊಂಬೆಯನ್ನು ಎಲ್ಲರಿಗೂ ಕಾಣುವಂತೆ ಹಿಡಿದರು.

"ಸೀರಿ ಇಲ್ಲ."

ಸೀರೆ ಇತ್ತು. ಆದರೆ ಇರಬೇಕಾದ ಸೀರೆಯಲ್ಲ. ಕುಂಕುಮ ಬಣ್ಣದ, ಜರಿಯಂಚಿನ ರೇಷ್ಮೆ ಇರಬೇಕಾದಲ್ಲಿ ಮಾಸಿದ ಬಿಳಿ ಹತ್ತಿಬಟ್ಟೆ. ಅಂಚಿನಲ್ಲಿ ತೆಳ್ಳನೆಯ ಒಂದು ನೀಲಿ ಗೆರೆ.

"ಯಾವದೋ ಚಿಂದಿ ಸುತ್ತಿಟ್ಟಾರ ನೋಡ್ರಿ. ಅಸಲಿ ಬೆಳ್ಳಿ ಜರಿ ಇತ್ತು. ನನ್ನ ತವರಮನಿ ಸೀರಿ ಸೆರಗ ಕತ್ತರಿಸಿ ಕೊಟ್ಟಿದ್ದೆ."

ಹಾಲಿನ ಹಿಂದಿನ ಬೆಂಚಿನಲ್ಲಿ ಜನಾರ್ದನ ಉಪ್ಪಿಟ್ಟು ತಿನ್ನುತ್ತಿದ್ದ. ಎಲ್ಲರ ತಲೆಯೂ ಅವನತ್ತ ತಿರುಗಿತು. ಅವನು ತಟ್ಟೆ ಕೆಳಗಿಟ್ಟ. ಉಪ್ಪಿಟ್ಟು ಮುಗಿಯುವುದಿಲ್ಲ ಎಂದು ಅವನಿಗೆ ಗೊತ್ತಾಯಿತು.

ಜನಾರ್ದನ ಕುಂಬಳೆಯವನು, ಎರ್ನಾಕುಲಂನಲ್ಲಿ ಸಬ್ ಇನ್‌ಸ್ಪೆಕ್ಟರ್. ಕೇರಳ ಪೊಲೀಸಿನಲ್ಲಿ ಕನ್ನಡ ಬರುವ ಅಧಿಕಾರಿ ಎಂದರೆ ಅಲ್ಲಿಯ ಕನ್ನಡಿಗರಿಗೆ ಬೀದಿಯ ನಲ್ಲಿ ಇದ್ದ ಹಾಗೆ. ಯಾರು ಬೇಕಾದರೂ ತಿರುಗಿಸಬಹುದು. ಪಕ್ಕದ ಮನೆಯ ಹಲಸಿನ ಮರ ಬಾಗಿದರೆ ಅವನು ಬೇಕು. ಮಗ ಮಲಯಾಳದಲ್ಲಿ ಫೇಲಾದರೆ ಅವನು ಬೇಕು. ವಾರಕ್ಕೊಂದು ರಜೆ ಸಿಕ್ಕಿದರೆ ಅದನ್ನು ಹೀಗೆ ಕಳೆಯುವುದು ಅವನ ಹಣೆಯಲ್ಲಿ ಬರೆದಿತ್ತು.

"ನೋಡಿ ಇನ್‌ಸ್ಪೆಕ್ಟ್ರೇ," ಎಂದರು ರಾಜಲಕ್ಷ್ಮಿ. ಅವರು ಮೈಸೂರಿನವರು, ತಿರುವನಂತಪುರ ಮಂಡಳಿಯ ಅಧ್ಯಕ್ಷೆ. ಗಂಡ ತುಂಬಾದ ರಾಕೆಟ್ ಕೇಂದ್ರದಲ್ಲಿ ವಿಜ್ಞಾನಿ. "ನಿನ್ನೆ ನಾವು ರೈಲಿಂದ ಇಳಿದು ಅನಸೂಯಾ ಅವರ ಮನೇಲೇ ಉಳ್ಕೊಂಡ್ವಿ. ಟ್ರಂಕೂ ಅಲ್ಲೇ. ಸಾಯಂಕಾಲ ಎಲ್ಲರೂ ಬೋಟ್ ಜೆಟ್ಟಿ ನೋಡಕ್ಕೆ ಹೋದ್ವಿ. ಇವಳು ತಲೆನೋವು ಅಂತ ಒಬ್ಬಳೇ ಮೊದಲೇ ವಾಪಸ್ ಬಂದ್ಲು. ಮನೇಲಿ ಯಾರೂ ಇರ್ಲಿಲ್ಲ. ಇನ್ನೇನು ಬಿಡಿಸಿ ಹೇಳ್ಬೇಕಾ?"

ಇವಳು ಎಂದರೆ ವಸಂತಿ. ವೇದಿಕೆಯ ಮೂಲೆಯಲ್ಲಿ ಕೈಯಲ್ಲಿ ಗುಂಡುಪಿನ್ನಿನ ಡಬ್ಬಿ ಹಿಡಿದು ನಿಂತಿದ್ದಳು. ಮುಖ ಬಿಳಿಚಿತ್ತು, ಗದ್ದ ಮಾತ್ರ ಮೇಲೆತ್ತಿದ್ದಳು.

"ಕಂಪ್ಲೇಂಟ್ ಬರೆದುಕೊಳ್ಳಿ," ಎಂದರು ರಾಜಲಕ್ಷ್ಮಿ. "ನಿಮ್ಮ ಕಡೆಯವಳು ಅಂತ ಬಿಟ್ಟುಬಿಡ್ಬೇಡಿ."

ಆ ಮಾತು ನಾಟಿತು. ವಸಂತಿ ಮಂಜೇಶ್ವರದವಳು. ಕುಂಬಳೆಯಿಂದ ಒಂದು ಕೂಗಿನ ದೂರ. ತಿರುವನಂತಪುರದ ಶ್ರೀಕಾರ್ಯದಲ್ಲಿರುವ ಒಂದು ಕೇಂದ್ರ ಸಂಸ್ಥೆಯಲ್ಲಿ ಟೈಪಿಸ್ಟ್, ಇನ್ನೂ ಪ್ರೊಬೇಷನ್. ತಂದೆ ತೀರಿಹೋದ ಮೇಲೆ ಊರಿನ ಮನೆ ನಡೆಯುತ್ತಿದ್ದದ್ದು ಅವಳ ಸಂಬಳದಿಂದ. ಕೆಲಸ ಖಾಯಂ ಆಗಲು ಪೊಲೀಸ್ ವೆರಿಫಿಕೇಶನ್ ಮುಗಿಯಬೇಕಿತ್ತು. ಕಳ್ಳತನದ ಒಂದು ದೂರು ಅವಳ ಹೆಸರಿನಲ್ಲಿ ಬಿದ್ದರೆ, ಅದು ನಿಲ್ಲಲಿ ಬಿಡಲಿ, ಕೆಲಸ ಅಲ್ಲಿಗೇ ಮುಗಿಯಿತು. ಇದನ್ನು ಜನಾರ್ದನನಿಗೆ ಯಾರೂ ಹೇಳಬೇಕಿರಲಿಲ್ಲ. ಅಂಥ ವರದಿಗಳನ್ನು ಅವನೇ ಬರೆದು ಕಳಿಸಿದ್ದ.

"ನಾಲ್ಕು ಗಂಟೆಯವರೆಗೆ ಸಮಯ ಕೊಡಿ. ಸಿಗದಿದ್ದರೆ ನಾನೇ ಬರೆದುಕೊಳ್ತೇನೆ."

ಹೇಳಿದ ಮರುಗಳಿಗೆಯೇ ಯಾಕೆ ಹೇಳಿದೆ ಎನ್ನಿಸಿತು.

ವಾಚನಾಲಯದ ಕಾರ್ಯದರ್ಶಿ ಕುರುಪ್ ಮಾಷ್, ನಿವೃತ್ತ ಉಪಾಧ್ಯಾಯರು, ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಕನ್ನಡ ಬಾರದು. ಮೆಲ್ಲಗೆ ಕೇಳಿದರು.

"ಪಾವಯುಡೆ ಸಾರಿಯೋ?"

"ಅದೆ, ಮಾಷೇ. ಗೊಂಬೆಯ ಸೀರೆಯೇ."

"ಕಷ್ಟಂ," ಎಂದರು ಮಾಷ್. ಆ ಕನಿಕರ ಗೊಂಬೆಗೋ ತನಗೋ ಜನಾರ್ದನನಿಗೆ ತಿಳಿಯಲಿಲ್ಲ.

* * *

ಹಿಂದಿನ ಕೋಣೆಯಲ್ಲಿ ಹಳೆಯ ಪತ್ರಿಕೆಗಳ ಕಟ್ಟುಗಳ ನಡುವೆ ವಸಂತಿ ಕುಳಿತಳು. ಜನಾರ್ದನ ಗೊಂಬೆಯನ್ನು ಮೇಜಿನ ಮೇಲಿಟ್ಟ. ಒಂದು ಮೊಳ ಎತ್ತರ. ಕೋರಾ ಬಟ್ಟೆಯ ಮೈ, ಒಳಗೆ ಬೂರುಗದ ಹತ್ತಿ, ಕಪ್ಪು ಉಲ್ಲನ್ನಿನ ಜಡೆ. ದಾರದಲ್ಲಿ ತೆಗೆದ ಕಣ್ಣು. ಕುಪ್ಪಸ ಇತ್ತು. ಕೊರಳ ಮಣಿ ಇತ್ತು. ಗಿಲೀಟಿನ ಕತ್ತಿಯೂ ಇತ್ತು.

"ತೆಗೆದದ್ದು ನೀನಾ?"

"ಅಲ್ಲ."

"ತಲೆನೋವು ನಿಜವಾ?"

"ರಾಜಲಕ್ಷ್ಮಿ ಅಕ್ಕನ ಜೊತೆ ರೈಲಿನಲ್ಲಿ ಅಷ್ಟು ಹೊತ್ತು ಕೂತು ನೋಡಿ. ನಿಮಗೂ ಬರ್ತದೆ."

ಜನಾರ್ದನ ನಗು ತಡೆದುಕೊಂಡ. ತನಿಖೆಯಲ್ಲಿ ನಗಬಾರದು, ಅದರಲ್ಲೂ ಸ್ವಂತ ಊರಿನವರ ಹತ್ತಿರ.

"ಬಂದು ಎಂತ ಮಾಡಿದ್ದು?"

"ಅಜ್ಜಿ ಬಾಗಿಲು ತೆಗೆದರು. ಶುಂಠಿ ಅರೆದು ಹಚ್ಚಿದರು. ಮಲಗಿದೆ. ಟ್ರಂಕು ಮುಟ್ಟಲಿಲ್ಲ."

"ಮೊದಲು ಇದ್ದ ಸೀರೆ ತೆಗೆಯುದು ಹೇಗೆ? ಹರಿಯಬೇಕಾ?"

"ಹರಿಯುದು ಎಂತಕ್ಕೆ? ಬೆನ್ನ ಹಿಂದೆ ಟಿಚ್ ಬಟನ್ ಉಂಟು." ಅವಳು ಉಳ್ಳಾಲದ ರಾಣಿಯನ್ನು ತಂದು ತಿರುಗಿಸಿ ತೋರಿಸಿದಳು. ಸೀರೆಯ ನೆರಿಗೆ, ಸೆರಗು ಎಲ್ಲ ಸೇರಿಸಿ ಹೊಲಿದು, ಅಂಗಿಯ ಹಾಗೆ ಹಿಂದಿನಿಂದ ತೊಡಿಸುವಂತೆ ಮಾಡಿದ್ದಳು. "ಕಿತ್ತೂರು ರಾಣಿಯದ್ದೂ ಹಾಗೆಯೇ. ಕಚ್ಚೆಯ ನೆರಿಗೆ ಪೇಪರಿನಲ್ಲಿ ಮಡಚಿ ಮಡಚಿ ಅಳತೆ ತೆಗೆದದ್ದು. ಕಣ್ಣು ಹೋಯ್ತು ಅದಕ್ಕೆ. ನಾನು ಕದಿಯುದಾದರೆ ಕದಂಬರ ಸೈನಿಕನ ಚಡ್ಡಿ ಕದೀತಿದ್ದೆ. ಅದು ಸರಿ ಬಂದಿಲ್ಲ."

"ಟ್ರಂಕಿನಲ್ಲಿ ಬೇರೆ ಎಂತ ಇತ್ತು?"

"ನನ್ನ ಕತ್ತರಿ, ಸೂಜಿ, ದಾರ. ಎಲ್ಲಕ್ಕಿಂತ ಮೇಲೆ."

ಅವಳ ಧ್ವನಿ ಅಲ್ಲಿಯವರೆಗೆ ಗಟ್ಟಿಯಾಗಿತ್ತು. ಏಳುವಾಗ ಮಾತ್ರ ತಗ್ಗಿತು.

"ವೆರಿಫಿಕೇಶನ್ ಮುಂದಿನ ವಾರ ಊರಿಗೆ ಬರ್ತದೆ ಅಂತ ಆಫೀಸಿನಲ್ಲಿ ಹೇಳಿದ್ದಾರೆ, ಅಣ್ಣ. ಅಮ್ಮ ಮನೆಗೆ ಸುಣ್ಣ ಹೊಡೆಸಿದ್ದಾರೆ, ಪೊಲೀಸರು ಬರ್ತಾರೆ ಅಂತ."

ಜನಾರ್ದನನಿಗೆ ಯಾರ ಮೇಲೆಂದು ಗೊತ್ತಾಗದ ಸಿಟ್ಟು ಬಂತು.

* * *

ಅನಸೂಯಾಬಾಯಿಯ ಮನೆ ಚಿಟ್ಟೂರು ರಸ್ತೆಯಲ್ಲಿ. ಗಂಡ ವೆಂಕಟರಮಣ ಬ್ಯಾಂಕ್ ಮ್ಯಾನೇಜರ್. ಧಾರವಾಡದಿಂದ ವರ್ಗವಾಗಿ ಬಂದು ಮೂರನೆಯ ಮಳೆಗಾಲ. ಜಗಲಿಯಲ್ಲಿ ಪೇಪರು ಓದುತ್ತಿದ್ದವರು ಕುರ್ಚಿ ತೋರಿಸಿದರು.

"ನಿನ್ನೆ ಸಂಜಿಗೆ ನಾವೆಲ್ಲಾರೂ ಜೆಟ್ಟಿಗೆ ಹೋಗಿದ್ವಿರಿ. ಮನ್ಯಾಗ ಯಾರೂ ಇರಲಿಲ್ಲ. ಆ ಹುಡುಗಿ ಒಬ್ಬಾಕೀನೇ."

ಅಡುಗೆಮನೆಯ ಬಾಗಿಲಲ್ಲಿ ಅವರ ತಾಯಿ ಚಂದ್ರಾವತಿ ಕಾಣಿಸಿಕೊಂಡರು. ಬೋಳು ಹಣೆ, ಬಿಳಿ ಬಟ್ಟೆ. ಕೈಯಲ್ಲಿ ಅವಲಕ್ಕಿಯ ತಟ್ಟೆ.

"ಸಾಹೇಬ್ರ, ನಂದೊಂದು ಮಾತು..."

"ಅವ್ವಾ, ಪೊಲೀಸರ ಕೆಲಸ ನಡದದ. ಒಳಗ ಹೋಗು."

"ಆಮೇಲೆ ಮಾತಾಡುವ ಅಮ್ಮ," ಎಂದ ಜನಾರ್ದನ, ತಟ್ಟೆ ತೆಗೆದುಕೊಂಡು.

"ಆ ಹುಡುಗಿ ತಗೊಂಡಿಲ್ಲರಿ."

"ಆಯ್ತಮ್ಮ."

ಮುದುಕಿಯರ ಕನಿಕರವನ್ನು ಸಾಕ್ಷ್ಯ ಎಂದು ಹಿಡಿಯಲಿಕ್ಕಾಗುತ್ತದೆಯೇ. ಅವನು ಒಳಗೆ ಹೋಗಿ ಟ್ರಂಕು ಇಟ್ಟಿದ್ದ ನಡುಮನೆ ನೋಡಿದ. ಬೀಗ ಹಾಕುವ ಟ್ರಂಕಲ್ಲ, ಬರೇ ಹಗ್ಗ. ಕಿಟಕಿಗೆ ಸರಳುಗಳಿದ್ದವು. ಹೊರಗಿನಿಂದ ಯಾರೂ ಬಂದ ಗುರುತಿಲ್ಲ. ನೆಲ ಒರೆಸಿ ಆಗಿತ್ತು. ಈ ಊರಿನ ಕನ್ನಡಿಗರಿಗೆ ತನಿಖೆ ಬೇಕು, ಆದರೆ ನೆಲ ಒರೆಸದೆ ಇರಲಾರರು.

ಹಿತ್ತಲಿಗೆ ಬಂದರೆ ಆಕಾಶ ಕಪ್ಪಾಗಿತ್ತು. ಚಂದ್ರಾವತಿ ಹಗ್ಗದ ಕೆಳಗೆ ನಿಂತು ಮೇಲೆ ನೋಡುತ್ತಿದ್ದರು.

"ಉದ್ದ ಕೈಯವರಿದ್ದೀರಿ. ಮಳಿ ಬರೂ ಹಂಗದ. ಆ ಪತ್ತಲ ತಗದು ಕೊಡ್ರಿ."

ಪತ್ತಲ ಎಂದರೆ ಅವರು ಉಡುವ ಒಂಬತ್ತು ಗಜದ ಸೀರೆ. ಜನಾರ್ದನ ಅದನ್ನು ಎಳೆದ. ಎಳೆದಷ್ಟೂ ಬಂತು. ತಲೆಯ ಮೇಲೆ ಬಿತ್ತು, ಬೂಟಿಗೆ ಸುತ್ತಿಕೊಂಡಿತು. ಕೇರಳ ಪೊಲೀಸಿನ ಅಧಿಕಾರಿ ಭಾನುವಾರದ ರಜೆಯಲ್ಲಿ ಇನ್ನೊಬ್ಬರ ಮನೆಯ ಹಿತ್ತಲಿನಲ್ಲಿ ಸೀರೆ ಮಡಚುತ್ತಿದ್ದಾನೆ ಎಂದು ಹೆಂಡತಿ ಕಮಲಳಿಗೆ ತಿಳಿದರೆ ಜನ್ಮವಿಡೀ ಆಡಿಕೊಳ್ಳುವಳು. ಮನೆಯಲ್ಲಿ ಅವನು ಕರವಸ್ತ್ರ ಮಡಚಿದವನಲ್ಲ.

"ಸಾಹೇಬ್ರ, ಆ ಗೊಂಬಿ ಸೀರಿ..."

"ಸಿಗ್ತದೆ ಅಮ್ಮ. ನೀವು ತಲೆಬಿಸಿ ಮಾಡ್ಬೇಡಿ."

ಅವನು ಸೀರೆಯನ್ನು ಅವರ ಕೈಗೆ ತುರುಕಿ ಹೊರಟ.

* * *

ಹಾಲಿಗೆ ಮರಳುವ ಹೊತ್ತಿಗೆ ಎರ್ನಾಕುಲಂ ಸಂಘದ ಕಾರ್ಯದರ್ಶಿ ಹಯವದನ ಮೆಟ್ಟಿಲ ಮೇಲೆಯೇ ಕಾದಿದ್ದ. ಬೆಂಗಳೂರಿನವನು. ಮುಖದಲ್ಲಿ ಬೆವರು.

"ಸಾರ್, ಒಂದು ವಿಷಯ. ಬೆಳಗ್ಗೆ ಟ್ರಂಕನ್ನ ಟ್ಯಾಕ್ಸಿಲಿ ತಂದಿದ್ದು ನಾನೇ. ದಾರೀಲಿ ಸ್ವಲ್ಪ ತೆಗೆದಿದ್ದೆ."

"ಎಂತಕ್ಕೆ?"

"ಗೊಂಬೆ ಪೀಠದ ಅಡಿ ತಿರುವನಂತಪುರ ಮಹಿಳಾ ಮಂಡಳಿ ಅಂತ ಚೀಟಿ ಅಂಟಿಸಿದ್ರು. ಹಾಲು ನಮ್ಮೂರಿಂದು, ಸಮಾರಂಭ ನಮ್ದು, ಹೆಸರು ಅವ್ರದು. ಕಿತ್ತು ಎರ್ನಾಕುಲಂ ಕನ್ನಡ ಸಂಘ ಅಂತ ಅಂಟಿಸ್ದೆ. ಅಷ್ಟೇ ಸಾರ್. ಸೀರೆ ನೋಡ್ಲೇ ಇಲ್ಲ. ಬರೀ ಕಾಲು ನೋಡಿದ್ದು."

ಜನಾರ್ದನ ಗೊಂಬೆಗಳನ್ನು ಮಗುಚಿ ನೋಡಿದ. ಅಂಟು ಇನ್ನೂ ಹಸಿ. ಸುಳ್ಳಲ್ಲ.

"ರಾಜಲಕ್ಷ್ಮಿಯವರಿಗೆ ಹೇಳ್ಬೇಡಿ ಸಾರ್."

"ನೀವು ಎದುರಿನಿಂದ ಹೋಗಿ ಮಾರಾಯ್ರೆ."

ಮಳೆ ಹೊಯ್ಯತೊಡಗಿತು. ಹಾಲಿನ ಒಳಗೆ ಗೊಂಬೆಗಳ ಮೇಜಿನ ಬಳಿ ರಾಜಲಕ್ಷ್ಮಿ ಬೆನ್ನು ತಿರುಗಿಸಿ ನಿಂತಿದ್ದರು. ಕೈಚೀಲದ ಬಾಯಿಯಲ್ಲಿ ಜರಿಯ ಮಿಂಚು. ಜನಾರ್ದನ ಹಿಂದಿನಿಂದ ಹೋಗಿ ನಿಂತ.

"ಚೀಲದಲ್ಲಿ ಇರುವುದನ್ನು ಮೇಜಿನ ಮೇಲೆ ಇಡಿ."

ಅವರು ಕೆಂಪಾದರು. ಅಲ್ಲಿದ್ದವರೆಲ್ಲ ಹತ್ತಿರ ಬಂದರು. ಚೀಲದಿಂದ ಹೊರಬಂದದ್ದು ಗೊಂಬೆಯ ಅಳತೆಯ ಒಂದು ಸೀರೆ. ಜನಾರ್ದನನ ಎದೆ ಹಗುರಾಯಿತು, ಮರುಕ್ಷಣ ಭಾರವಾಯಿತು. ಸೀರೆಯ ಬಣ್ಣ ನೇರಳೆ.

"ಇದು ಆ ಸೀರೆ ಅಲ್ಲ," ಎಂದಳು ವಸಂತಿ.

"ಅಲ್ಲ. ಇದು ಮೈಸೂರು ರೇಷ್ಮೆ, ನಾನೇ ಹೊಲಿದಿದ್ದು," ಎಂದರು ರಾಜಲಕ್ಷ್ಮಿ. "ರಾಣಿಗೆ ಕಚ್ಚೆ ಹಾಕ್ಬೇಡಿ, ಚೆನ್ನಾಗಿ ಕಾಣಲ್ಲ ಅಂತ ಬಡ್ಕೊಂಡೆ. ಕ್ಯಾಲೆಂಡರಲ್ಲಿ ಎಲ್ಲಾದ್ರೂ ಕಚ್ಚೆ ಹಾಕಿರೋ ರಾಣಿ ನೋಡಿದೀರಾ? ಸಮಾರಂಭಕ್ಕೆ ಮುಂಚೆ ಬದಲಾಯಿಸೋಣ ಅಂತಿದ್ದೆ. ಅಷ್ಟರಲ್ಲಿ ಇದಾಯ್ತು."

"ಕುದರಿ ಹತ್ತಾಕಿ ಕಚ್ಚಿ ಇಲ್ಲದ ಹೆಂಗ ಕೂಡಬೇಕ್ರಿ?" ಅನಸೂಯಾಬಾಯಿ ತಿರುಗಿಬಿದ್ದರು. "ಕ್ಯಾಲೆಂಡರ್ ನೋಡಿ ಇತಿಹಾಸ ಹೇಳ್ತಾರ."

"ನೀವು ಉಡ್ತೀರಾ ಕಚ್ಚೆ? ನೀವು ಉಟ್ಟಿರೋದೂ ಆರು ಗಜಾನೇ."

"ನಾ ಕುದರಿ ಹತ್ತೂದಿಲ್ಲಲಾ."

ಜನಾರ್ದನ ಮೇಜಿಗೆ ಅಂಗೈ ಬಡಿದ. ಕದಂಬರ ಸೈನಿಕ ಮಗುಚಿ ಬಿದ್ದ. ಬೆಳಗಿನಿಂದ ಆ ಟ್ರಂಕಿಗೆ ಕೈ ಹಾಕದವರನ್ನು ಹುಡುಕುವುದೇ ಕಷ್ಟವಾಗಿತ್ತು. ಒಬ್ಬ ಚೀಟಿ ಬದಲಾಯಿಸಿದ್ದ. ಒಬ್ಬರು ಸೀರೆ ಬದಲಾಯಿಸಲು ಹೊರಟಿದ್ದರು. ಮುಟ್ಟದವಳು ಒಬ್ಬಳೇ, ಹೊಲಿದವಳು. ಅವಳ ಮೇಲೆ ದೂರು. ಗಡಿಯಾರ ಮೂರು ದಾಟಿತ್ತು.

"ಎಲ್ಲರೂ ಹೊರಗೆ ಹೋಗಿ," ಎಂದ. ಮಳೆ ಎಂದು ಯಾರೋ ಗೊಣಗಿದರು. "ಜಗಲಿಯಲ್ಲಿ ನಿಲ್ಲಿ. ಮಳೆಯಲ್ಲಿ ಒದ್ದೆಯಾಗುದು ಜಗಳಕ್ಕೆ ಒಳ್ಳೆಯದು."

* * *

ಖಾಲಿ ಹಾಲಿನಲ್ಲಿ ಗೊಂಬೆಯ ಎದುರು ಕುಳಿತ. ಬೆಳಗಿನಿಂದ ಇಲ್ಲದ ಸೀರೆಯನ್ನೇ ಹುಡುಕುತ್ತಿದ್ದ. ಇರುವ ಸೀರೆಯನ್ನು ನೋಡಿಯೇ ಇರಲಿಲ್ಲ. ಮೇಲಧಿಕಾರಿಗಳು ಅವನ ವರದಿಗಳ ಮೇಲೆ ಬರೆಯುತ್ತಿದ್ದ ಷರಾ ನೆನಪಾಯಿತು: ಕಣ್ಣೆದುರಿನದನ್ನು ಬಿಟ್ಟಿದ್ದೀರಿ.

ಬಟ್ಟೆಯನ್ನು ಬಿಚ್ಚಿದ. ಒಂದು ಪಿನ್ನಿಲ್ಲ. ಒಂದು ಹೊಲಿಗೆಯಿಲ್ಲ. ಗಂಟು ಸೊಂಟದಲ್ಲಿ ಒಂದೇ. ನೆರಿಗೆ ಹಿಡಿದು, ಕಾಲ ನಡುವೆ ತೆಗೆದು, ಬೆನ್ನ ಹಿಂದೆ ಸಿಕ್ಕಿಸಿದ ಕಚ್ಚೆ. ಸೆರಗು ತಲೆಯ ಮೇಲೆ. ಟ್ಯಾಕ್ಸಿಯಲ್ಲಿ ಕುಲುಕಿ ಬಂದರೂ ಜಾರಿರಲಿಲ್ಲ.

ಮತ್ತೆ ಉಡಿಸಲು ನೋಡಿದ. ಬರಲಿಲ್ಲ. ಮೂರು ಸಲವೂ ರಾಣಿ ಮೂಟೆಯ ಹಾಗೆ ಕಂಡಳು.

ಬಟ್ಟೆಯ ತುದಿ ನೋಡಿದ. ನೂಲು ನೂಲಾಗಿ ಬಿಟ್ಟುಕೊಂಡಿತ್ತು. ಕತ್ತರಿಸಿದ್ದಲ್ಲ, ಕೈಯಿಂದ ಹರಿದದ್ದು. ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೆ ಕತ್ತರಿ ಇತ್ತು ಎಂದಿದ್ದಳು ವಸಂತಿ. ಕತ್ತರಿಯನ್ನು ಬದಿಗಿಟ್ಟು, ಗೊಂಬೆ ತೆಗೆದು, ಬಟ್ಟೆಯನ್ನು ಕೈಯಲ್ಲಿ ಹರಿದವರು ಯಾರು? ಯಾಕೆ?

ಹೊರಗೆ ಮಳೆಗೆ ಕತ್ತಲೆ ಕವಿದಿದ್ದರಿಂದ ಕುರುಪ್ ಮಾಷ್ ಬಂದು ದೀಪದ ಸ್ವಿಚ್ಚು ಹಾಕಿದರು.

ಜನಾರ್ದನ ದೀಪ ನೋಡಿದ. ಕುಂಬಳೆಯ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಅವನ ಅಮ್ಮ ಸೂಜಿ ಕತ್ತರಿ ಮುಟ್ಟಿದ್ದನ್ನು ಅವನು ಕಂಡಿರಲಿಲ್ಲ. ಅಂಗಿಯ ಗುಂಡಿ ಬಿದ್ದರೆ ನಾಳೆಯವರೆಗೆ ಕಾಯಬೇಕಿತ್ತು.

ಆಮೇಲೆ ಅವನ ಬೆರಳು ಆ ನೀಲಿ ಗೆರೆಯ ಮೇಲೆ ನಿಂತಿತು. ಆ ಗೆರೆಯನ್ನು ಅವನು ಇವತ್ತು ಎಲ್ಲೋ ಮುಟ್ಟಿದ್ದ. ಎಳೆದಷ್ಟೂ ಬಂದಿತ್ತು.

ತನ್ನ ಹಣೆಗೆ ತಾನೇ ಹೊಡೆದುಕೊಂಡ. ಕುರುಪ್ 'ಎಂದಾ?', ಏನಾಯಿತು ಎನ್ನುವಂತೆ ನೋಡಿದರು.

"ಒನ್ನುಮಿಲ್ಲ, ಮಾಷೇ. ಏನಿಲ್ಲ. ಎಲ್ಲರನ್ನೂ ಕರೀರಿ."

* * *

ಸಮಾರಂಭದ ಜನ ಬಂದು ಕೂತಾಗಿತ್ತು. ವೆಂಕಟರಮಣ ತಾಯಿಯನ್ನೂ ಕಾರಿನಲ್ಲಿ ಕರೆತಂದು ಹಿಂದಿನ ಸಾಲಿನಲ್ಲಿ ಕೂರಿಸಿದ್ದರು. ಜನಾರ್ದನ ಸೀರೆಯಿಲ್ಲದ ಗೊಂಬೆಯನ್ನೂ ಬಿಳಿ ಬಟ್ಟೆಯನ್ನೂ ಎತ್ತಿ ಹಿಡಿದ.

"ಇದನ್ನು ಇದ್ದ ಹಾಗೆ ಉಡಿಸಬೇಕು. ಪಿನ್ನು, ಹೊಲಿಗೆ ಇಲ್ಲದೆ. ರಾಜಲಕ್ಷ್ಮಿಯಮ್ಮ, ನೀವು ನೋಡಿ."

ರಾಜಲಕ್ಷ್ಮಿ ತಿರುಗಿಸಿ ತಿರುಗಿಸಿ ನೋಡಿ ಮೇಜಿನ ಮೇಲಿಟ್ಟರು. "ನಂಗೆಲ್ಲಿ ಬರುತ್ತೆ ಕಚ್ಚೆ?"

ಅನಸೂಯಾಬಾಯಿ ಗೊಂಬೆ ಹಿಡಿದರು. ನೆರಿಗೆ ಹಿಡಿಯುವಷ್ಟರಲ್ಲಿ ಬಟ್ಟೆ ಜಾರಿತು. ಮತ್ತೆ ಹಿಡಿದರು. ಮತ್ತೆ ಜಾರಿತು.

"ವಸಂತಿ?"

"ನನಗೆ ಬರುದಾದರೆ ಟಿಚ್ ಬಟನ್ ಎಂತಕ್ಕೆ ಹಾಕ್ತಿದ್ದೆ?"

"ಹಂಗಲ್ಲ ಅದು," ಎಂದಿತು ಹಿಂದಿನ ಸಾಲಿನಿಂದ ಒಂದು ಧ್ವನಿ. "ಕೊಡ್ರಿಲ್ಲೆ. ಬತ್ತಲೆ ನಿಂದರಸಬ್ಯಾಡ್ರಿ ಮಂದಿ ಮುಂದ."

ಚಂದ್ರಾವತಿ ಎದ್ದು ಬಂದರು. ಕುರ್ಚಿಯಲ್ಲಿ ಕುಳಿತು ಗೊಂಬೆಯನ್ನು ತೊಡೆಯ ಮೇಲಿಟ್ಟುಕೊಂಡರು. ಗಂಟು, ನೆರಿಗೆ, ಕಚ್ಚೆ, ಸೆರಗು. ಕಣ್ಣು ಬೇರೆಲ್ಲೋ ಇತ್ತು, ಕೈ ತಾನೇ ಮಾಡಿತು. ರಾಣಿ ಎದ್ದು ನಿಂತಳು.

"ಅಮ್ಮ, ನಿನ್ನೆ ಸಂಜೆ ಉಡಿಸಿದ್ದೂ ನೀವೇ ಅಲ್ಲವಾ?"

"ಮತ್ತ ಯಾರು? ಮುಂಜಾನಿಂದ ಅದನ್ನೇ ಹೇಳ್ಲಿಕತ್ತೇನಿ. ಮಗಾ ಒಳಗ ಹೋಗಂದ. ನೀವು ಆಮ್ಯಾಲೆ ಅಂದ್ರಿ. ಪತ್ತಲ ಮಡಚೂ ಮುಂದೂ ಹೇಳಲಿಕ್ಕೆ ಹೋದೆ, ಸಿಗತದ ಅಂತ ಸಮಾಧಾನ ಮಾಡಿದ್ರಿ. ಕೇಳಿದ್ರ್ಯಾ ಯಾರಾದ್ರೂ?"

ಜನಾರ್ದನನ ಕಿವಿ ಬಿಸಿಯಾಯಿತು. ಮನೆಯಲ್ಲಿ ಯಾರೂ ಇರಲಿಲ್ಲ ಎಂದು ರಾಜಲಕ್ಷ್ಮಿ ಹೇಳಿದ್ದರು, ವೆಂಕಟರಮಣ ಹೇಳಿದ್ದರು. ಅಜ್ಜಿ ಬಾಗಿಲು ತೆಗೆದರು ಎಂದು ವಸಂತಿ ಹೇಳಿದ್ದಳು. ಕೇಳಿಸಿಕೊಂಡೂ ಅವನು ಅಜ್ಜಿಯನ್ನು ಆ ಮನೆಯ ಲೆಕ್ಕಕ್ಕೆ ಸೇರಿಸಿರಲಿಲ್ಲ.

"ಅವ್ವಾ, ನೀ ಕದ್ದ್ಯಾ?" ವೆಂಕಟರಮಣರ ಧ್ವನಿ ಸಣ್ಣದಾಗಿತ್ತು.

"ನನ್ನ ಸೀರಿ ನಾ ತಗೊಂಡರ ಕಳವು ಹೆಂಗಾಗತದೋ? ನನ್ನ ಟ್ರಂಕಿನ ತಳದಾಗ ಇಟ್ಟಿದ್ದೆ. ನಿನ್ನೆ ಗೊಂಬಿ ನೋಡೋಣಂತ ತಗದ್ರ ಅದರ ಮೈಮ್ಯಾಲೆ ಇತ್ತು, ತುಂಡಾಗಿ. ಹಿಂದ ಗುಂಡಿ ಇದ್ದವು, ಬಿಚ್ಚಿ ತಗೊಂಡೆ. ಹೆಣ್ಣುಮಗಳು, ಹಂಗ ಬಿಡಲಿಕ್ಕೆ ಆಗತದೇನು? ನನ್ನ ಹಳೇ ಪತ್ತಲ ಹರದು ಉಡಿಸಿದೆ."

"ಕತ್ತರಿ ಅಲ್ಲಿಯೇ ಇತ್ತಲ್ಲ ಅಮ್ಮ?" ಎಂದ ಜನಾರ್ದನ. ಉತ್ತರ ಗೊತ್ತಿತ್ತು. ಉಳಿದವರೂ ಕೇಳಲಿ ಎಂದು ಕೇಳಿದ.

"ದೀಪಾ ಹಚ್ಚಿದ ಮ್ಯಾಲೆ ಕತ್ತರಿ ಮುಟ್ಟತಾರೇನ್ರಿ?"

ಅವನು ಸಭೆಯ ಕಡೆ ತಿರುಗಿದ.

"ಜರಿಗಾಗಿ ಕದಿಯುವವರು ಗೊಂಬೆಗೆ ಬೇರೆ ಬಟ್ಟೆ ಉಡಿಸುತ್ತಾ ಕೂರುವುದಿಲ್ಲ. ಉಡಿಸಿದ ಕೈಗೆ ದಿನಾ ಕಚ್ಚೆ ಉಟ್ಟು ಗೊತ್ತು. ಆ ಮನೆಯಲ್ಲಿ ಹಾಗೆ ಉಡುವವರು ಒಬ್ಬರೇ. ಇದನ್ನು ನೋಡಲಿಕ್ಕೆ ನನಗೆ ಸಂಜೆಯಾಯಿತು, ಅದು ನನ್ನ ತಪ್ಪು. ಆದರೆ ಒಬ್ಬರಿಗೆ ಬೆಳಿಗ್ಗೆಯೇ ಗೊತ್ತಿತ್ತು."

ಅನಸೂಯಾಬಾಯಿ ನೆಲ ನೋಡುತ್ತಿದ್ದರು.

"ಈ ನೀಲಿ ಗೆರೆಯ ಬಟ್ಟೆಯನ್ನು ನಾನು ಮುಟ್ಟಿದ್ದು ಇವತ್ತು ಒಂದು ಸಲ. ನೀವು ದಿನಾ ಒಣಗಿಸುವವರು. ಗೊಂಬೆ ಬಿಚ್ಚಿದ ಕೂಡಲೇ ನಿಮಗೆ ಗುರುತು ಸಿಕ್ಕಿತು. ಆದರೂ ಯಾವುದೋ ಚಿಂದಿ ಅಂತ ಹೇಳಿದಿರಿ. ಸೀರೆ ತವರಿನದ್ದು ಅಂತ ಹೇಳಿದಿರಿ. ಮತ್ತೆ ಈ ಹುಡುಗಿಯ ಕಡೆಗೆ ಬೆರಳು ಹೋದಾಗ ಸುಮ್ಮನಿದ್ದಿರಿ."

"ಅವ್ವನ ಟ್ರಂಕಿಗೆ ಕೈ ಹಾಕಿದ್ಯಾ ಅನಸೂಯಾ?" ಎಂದರು ವೆಂಕಟರಮಣ.

"ಎಂದೂ ಉಡೂ ಹಂಗಿಲ್ಲ. ತಳದಾಗ ಬಿದ್ದಿತ್ತು. ಎಲ್ಲಾರೂ ಚಲೋ ಸೀರಿ ಕೊಡ್ಲಿಕತ್ತಿದ್ರು..." ಅವರು ಸೆರಗಿನ ತುದಿ ತಿರುವಿದರು. "ಮಂದಿ ಮುಂದ ಅತ್ತಿ ಸೀರಿ ಕೇಳದ ಕತ್ತರಿಸೀನಿ ಅಂತ ಹೆಂಗ ಹೇಳಬೇಕಿತ್ತು? ಒಂದು ಗೊಂಬಿ ಸೀರಿ. ಸಂಜಿಗೆ ಎಲ್ಲಾರೂ ಮರತಬಿಡತಾರ ಅಂತ ತಿಳದಿದ್ದೆ."

"ಠಾಣೆ ಮರೆಯುವುದಿಲ್ಲ ಅಮ್ಮ. ವೆರಿಫಿಕೇಶನ್ ಎಂದರೆ ಏನು ಅಂತ ಬ್ಯಾಂಕಿನವರ ಮನೆಯಲ್ಲಿ ಗೊತ್ತಿಲ್ಲದೆ ಇರ್ತದಾ?"

ಗೊತ್ತಿತ್ತು ಎಂದು ಅವರ ಮುಖವೇ ಹೇಳಿತು.

ರಾಜಲಕ್ಷ್ಮಿ ಕೈಚೀಲ ಎದೆಗವಚಿಕೊಂಡು ವಸಂತಿಯ ಹತ್ತಿರ ಬಂದರು. "ತಪ್ಪಾಯ್ತು ಕಣೆ. ಬಾಯಿ ಬಿಟ್ಟುಬಿಟ್ಟೆ. ನೇರಳೆ ಸೀರೆ ಇದೆಯಲ್ಲ, ಅದನ್ನಾದ್ರೂ ರಾಣಿಗೆ..."

"ಬೇಡ ಅಕ್ಕ," ಎಂದಳು ವಸಂತಿ. "ಅಜ್ಜಿ ಉಡಿಸಿದ ಹಾಗೆಯೇ ಇರಲಿ. ಇಷ್ಟು ಸರಿಯಾಗಿ ನನ್ನ ಹೊಲಿಗೆಯಲ್ಲಿ ಬಂದಿರಲಿಲ್ಲ."

ಅವಳು ಗುಂಡುಪಿನ್ನಿನ ಡಬ್ಬಿಯನ್ನು ಆಗ ಕೆಳಗಿಟ್ಟಳು. ಬೆಳಗಿನಿಂದ ಹಿಡಿದೇ ಇದ್ದಳು. ಅಂಗೈಯಲ್ಲಿ ಮುಚ್ಚಳದ ಅಚ್ಚು ಮೂಡಿತ್ತು.

ಸಮಾರಂಭ ತಡವಾಗಿ ಶುರುವಾಯಿತು. ಕುರುಪ್ ಮಾಷ್ ಆರೂ ಗೊಂಬೆಗಳನ್ನು ಒಂದೊಂದಾಗಿ ತೆಗೆದುಕೊಂಡು, ಹಳೆಯ ಬಿಳಿ ಬಟ್ಟೆಯ ರಾಣಿಯನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದರು. ಅನಸೂಯಾಬಾಯಿ ವಂದನಾರ್ಪಣೆ ಮಾಡಬೇಕಿತ್ತು. ಮಾಡಲಿಲ್ಲ. ಹಯವದನ ಮಾಡಿದ, ತುಂಬ ಹೊತ್ತು ಮಾಡಿದ. ಯಾರ ಹೆಸರಿನ ಚೀಟಿ ಪೀಠದ ಅಡಿಯಲ್ಲಿದೆ ಎಂದು ಯಾರೂ ಮಗುಚಿ ನೋಡಲಿಲ್ಲ.

* * *

ಮುಂದಿನ ಬೇಸಿಗೆಯಲ್ಲಿ ಜನಾರ್ದನ ಇಲಾಖೆಯ ಕೆಲಸಕ್ಕೆ ತಿರುವನಂತಪುರಕ್ಕೆ ಹೋದ. ಕೆಲಸ ಬೇಗ ಮುಗಿಯಿತು. ಶ್ರೀಕಾರ್ಯದ ಬಸ್ಸು ಹತ್ತಿದ.

ವಸಂತಿ ಸಂಸ್ಥೆಯ ಕ್ಯಾಂಟೀನಿನಲ್ಲಿ ಚಾಯ ಕೊಡಿಸಿದಳು. ಕೆಲಸ ಖಾಯಂ ಆಗಿತ್ತು. ಮಂಜೇಶ್ವರದ ಮನೆಗೆ ಪೊಲೀಸ್ ಬಂದು, ಸುಣ್ಣ ಹೊಡೆದ ಗೋಡೆಗೆ ಬೆನ್ನು ತಾಗಿಸಿ ಕುಳಿತು, ಅಂಗಿ ಬೆಳ್ಳಗೆ ಮಾಡಿಕೊಂಡು ಹೋದನಂತೆ. ಈಗ ಅವಳು ಬೇರೆ ಗೊಂಬೆಗಳನ್ನು ಮಾಡುತ್ತಿದ್ದಳು, ಮಂಡಳಿಗಲ್ಲ, ಸ್ನೇಹಿತೆಯರ ಮದುವೆಗೆ ಕೊಡಲು. ಕಚ್ಚೆ ಉಡಿಸುವುದನ್ನು ಚಂದ್ರಾವತಿ ಹೇಳಿಕೊಟ್ಟಿದ್ದರು. ಅದಕ್ಕೆಂದೇ ಎರಡು ಸಲ ಎರ್ನಾಕುಲಂಗೆ ಹೋಗಿ ಬಂದಿದ್ದಳು.

"ಅನಸೂಯಾಬಾಯಿ ಮನೆಯಲ್ಲಿ ಇದ್ದರಾ?"

"ಇದ್ದರು. ಅವಲಕ್ಕಿ ಕೊಟ್ಟರು. ಮಾತಾಡಲಿಲ್ಲ. ಎರಡನೇ ಸಲ ಸ್ವಲ್ಪ ಮಾತಾಡಿದರು." ಅವಳು ಗ್ಲಾಸಿನ ಅಂಚು ಒರೆಸಿದಳು. "ಅಣ್ಣ, ಆ ಕುಂಕುಮ ಬಣ್ಣದ ಸೀರೆ ಯಾವುದು? ನಿಮಗೆ ಹೇಳಿದರಾ?"

ಇಲ್ಲ. ಅವನೂ ಕೇಳಿದ್ದ. ಮದುವೆಯ ಸೀರೆ ಎಂದು ರಾಜಲಕ್ಷ್ಮಿ ಊಹಿಸಿದ್ದರು. ಅದು ಬೇರೆ ಇದೆ, ಹಸಿರು, ತಾನು ನೋಡಿದ್ದೇನೆ ಎಂದು ವೆಂಕಟರಮಣ ಹೇಳಿದರು. ಹಾಗಾದರೆ ಇದು ಯಾವುದು ಎಂದರೆ ಮಗನಿಗೂ ತಿಳಿಯದು. ತೀರಿಹೋದ ಯಾರದೋ ಇರಬಹುದೇ? ಯಾರೋ ಕೊಟ್ಟದ್ದೇ? ಕೇಳಿದವರಿಗೆಲ್ಲ ಚಂದ್ರಾವತಿ ಕೊಟ್ಟ ಉತ್ತರ ಒಂದೇ. "ನಂದು." ಅಷ್ಟೇ. ಆ ತುಂಡನ್ನು ಈಗ ಎಲ್ಲಿಟ್ಟಿದ್ದಾರೆ ಎಂದೂ ಹೇಳಲಿಲ್ಲ. ಅವರ ಟ್ರಂಕಿನಲ್ಲಂತೂ ಇಲ್ಲವಂತೆ.

ಜನಾರ್ದನ ಆಮೇಲೆಯೂ ಆ ಮನೆಗೆ ಹೋಗಿಬಂದದ್ದುಂಟು. ಹೋದಾಗಲೆಲ್ಲ ಮೊದಲು ಚಂದ್ರಾವತಿಯ ಮಾತು ಕೇಳಿ ಮುಗಿಸಿಯೇ ಬೇರೆ ಮಾತು. ಅವರು ಬಹಳ ಮಾತಾಡುತ್ತಿದ್ದರು, ಆ ಸೀರೆಯೊಂದನ್ನು ಬಿಟ್ಟು. ಅದು ಯಾರದು, ಯಾವಾಗಿನದು, ಯಾಕೆ ಇಟ್ಟುಕೊಂಡಿದ್ದರು ಎಂಬುದು ಅವನಿಗೆ ಗೊತ್ತಾಗಲಿಲ್ಲ. ಇದನ್ನು ಬರೆದವರಿಗೂ ಗೊತ್ತಿಲ್ಲ.